ಕತ್ತಿಯ ಹಿಡಿಯೂ ಕೈಯ ಆರೋಗ್ಯವೂ

ಕತ್ತಿಯನ್ನು ಕೊಳ್ಳಹೋದವನು ಮೊದಲು ನೋಡುವುದು ಅದರ ಅಲಗನ್ನು. ಧಾರೆಗೆ ಅಡ್ಡಲಾಗಿ ಹೆಬ್ಬೆರಳನ್ನು ಮೆಲ್ಲಗೆ ಸವರಿ, ಬೆಳಕಿಗೆ ಹಿಡಿದು, ಉಗುರಿನಿಂದ ತಟ್ಟಿ ದನಿ ಕೇಳಿ, ತೃಪ್ತನಾಗಿ ದುಡ್ಡು ಎಣಿಸುತ್ತಾನೆ. ಹಿಡಿಯ ಕಡೆಗೆ ಅವನ ಗಮನ ಹರಿಯುವುದೇ ಇಲ್ಲ. ಮನೆಗೆ ಬಂದ ಮೇಲಾದರೋ ಆ ಕತ್ತಿಯ ಆಯುಷ್ಯವಿಡೀ ಅವನ ಕೈಗೆ ತಗಲುವುದು ಅಲಗಲ್ಲ, ಹಿಡಿ. ಅಲಗು ಕೈಗೆ ತಗಲಿದ ದಿನ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ. ಹಾಗೆ ತಗಲದಂತೆ ನೋಡಿಕೊಳ್ಳುವ ಹೊಣೆಯೂ ಬಹುಮಟ್ಟಿಗೆ ಹಿಡಿಯದೇ.

ಮುಂಬಯಿಯಲ್ಲಿ ಈ ವಿಷಯವನ್ನು ವಿಚಾರಿಸಲು ಕುರ್ಲಾದಷ್ಟು ತಕ್ಕ ಸ್ಥಳ ಬೇರೊಂದು ಸಿಗಲಾರದು. ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಹೊರಟು ಬಂದುದು ಈ ಕುರ್ಲಾಕ್ಕೆ. 1944ರಲ್ಲಿ ಸ್ಥಾಪಿತವಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯ ಕಾರ್ಖಾನೆ ಇದ್ದುದೂ ಇಲ್ಲಿಯೇ. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಹೊರಬಂದು, ಮುಂದಿನ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಕಾರು ಇಲ್ಲಿ ತಯಾರಾಗುತ್ತಿತ್ತು. ಕಾರ್ಖಾನೆ ಮುಚ್ಚಿತು, ಆ ನೆಲದ ಮೇಲೆ ವಸತಿ ಸಂಕೀರ್ಣಗಳೆದ್ದವು, ಕಪ್ಪು ಹಳದಿ ಬಣ್ಣದ ಕಡೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರ್ ತಿಂಗಳಲ್ಲಿ ನಗರದ ಬೀದಿಗಳಿಂದ ನಿವೃತ್ತವಾಯಿತು. ಆದರೂ ಕುರ್ಲಾ ಪಶ್ಚಿಮದ ಸಿ.ಎಸ್.ಟಿ. ರಸ್ತೆಯ ಇಕ್ಕೆಲದಲ್ಲಿ ಹಳೆಯ ವಾಹನಗಳ ಬಿಡಿಭಾಗಗಳ ವ್ಯಾಪಾರ ಇನ್ನೂ ನಡೆದಿದೆ. (ಸಿ.ಎಸ್.ಟಿ. ಎಂಬ ಅಕ್ಷರಗಳನ್ನು ಕಂಡು ಇದು ಛತ್ರಪತಿ ಶಿವಾಜಿ ನಿಲ್ದಾಣಕ್ಕೆ ಹೋಗುವ ರಸ್ತೆಯೆಂದು ಹೊಸಬರು ಭಾವಿಸುವುದುಂಟು. ಅದು ಹಿಂದಿನ ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇಯ ನೆನಪು.)

ಈ ಗುಜರಿ ರಾಶಿಗಳಲ್ಲಿ ಕತ್ತಿಯ ಹವ್ಯಾಸಿಗೆ ಬೇಕಾದುದೆಲ್ಲ ಇದೆ. ವಾಹನದ ಹಿಂಬದಿಯ ಭಾರವನ್ನು ಹೊರುವ ಪಟ್ಟಿ ಸ್ಪ್ರಿಂಗಿನ ಉಕ್ಕಿನಲ್ಲಿ ನೂರಕ್ಕೆ ಸುಮಾರು 0.6ರಷ್ಟು ಇಂಗಾಲವಿರುತ್ತದೆ, ಹದ ಕೊಟ್ಟರೆ ಅದು ಗಟ್ಟಿಯೂ ಆಗುತ್ತದೆ, ಬಾಗಿದರೂ ಮುರಿಯದು. ಆದುದರಿಂದಲೇ ದೇಶದ ಮೂಲೆಮೂಲೆಯ ಕಮ್ಮಾರರು ಮಚ್ಚು ಕುಡುಗೋಲುಗಳಿಗೆ ಅದನ್ನು ಮೆಚ್ಚುತ್ತಾರೆ. ಹಿತ್ತಾಳೆಯ ತುಂಡು, ತಾಮ್ರದ ಕೊಳವೆ, ಮೊಳೆ, ಅರ, ಎಲ್ಲವೂ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಹಳೆಯ ಚಾಳುಗಳನ್ನು ಕೆಡವಿದಾಗ ಹೊರಬೀಳುವ ಬರ್ಮಾ ತೇಗದ ತೊಲೆಗಳೂ ಈ ನಗರದಲ್ಲಿ ಮಾರಾಟಕ್ಕೆ ಬರುತ್ತವೆ. ಅಲಗನ್ನು ಕಾಯಿಸಿ ಬಡಿಯುವುದು ಕುಲುಮೆ ಇದ್ದವನ ಕೆಲಸ. ಚಾಳಿನ ಕೋಣೆಯಲ್ಲಾಗಲಿ ಫ್ಲ್ಯಾಟಿನ ಬಾಲ್ಕನಿಯಲ್ಲಾಗಲಿ ಅದು ಸಾಗದು. ಆದರೆ ಸಿದ್ಧ ಅಲಗಿಗೆ, ಅಥವಾ ಊರಿನಿಂದ ಟ್ರಂಕಿನಲ್ಲಿ ಬಂದು ಹಿಡಿ ಸೀಳಿ ಮೂಲೆ ಸೇರಿದ ಹಳೆಯ ಕತ್ತಿಗೆ, ತನ್ನ ಕೈಯ ಅಳತೆಗೆ ಸರಿಯಾದ ಹಿಡಿಯನ್ನು ಕೂಡಿಸುವುದು ಯಾವ ಗೃಹಸ್ಥನಿಗೂ ಸಾಧ್ಯವಾದ ಕೆಲಸ.

ಅಡ್ಡಪಟ್ಟಿಯ ಕಥೆ

ಹಿಡಿಯ ಮಹತ್ವವನ್ನು ಜಗತ್ತಿಗೆ ತಿಳಿಸಿಕೊಟ್ಟ ಕತ್ತಿಯೆಂದರೆ ಅಮೆರಿಕದ ಬೋವೀ ಚಾಕು. ಇಂಗ್ಲಿಷ್ ಚಲಚ್ಚಿತ್ರಗಳಲ್ಲಿ ಅದನ್ನು ಕಾಣದವರು ವಿರಳ. ಅಗಲವಾದ ನೀಳ ಅಲಗು, ತುದಿಯಲ್ಲಿ ಬೆನ್ನು ಒಳಬಾಗಿ ಮೊನೆಯಾದ ರೀತಿ, ಅಲಗು ಹಿಡಿಗಳ ನಡುವೆ ಅಡ್ಡಲಾಗಿ ಕೂತ ಲೋಹದ ಪಟ್ಟಿ, ಇವು ಅದರ ಗುರುತುಗಳು. 1827ರ ಸೆಪ್ಟೆಂಬರ್ 19ರಂದು ಮಿಸಿಸಿಪ್ಪಿ ನದಿಯ ಮರಳ ದಿಬ್ಬವೊಂದರಲ್ಲಿ ನಡೆದ ಹೊಡೆದಾಟದಲ್ಲಿ ಜೇಮ್ಸ್ ಬೋವೀ ಎಂಬವನು ಗುಂಡಿನ ಏಟನ್ನೂ ಇರಿತವನ್ನೂ ತಿಂದು, ಕೈಯಲ್ಲಿದ್ದ ದೊಡ್ಡ ಚಾಕುವಿನಿಂದಲೇ ಎದುರಾಳಿಯನ್ನು ಕೊಂದು ಬದುಕುಳಿದ. ಪತ್ರಿಕೆಗಳು ಈ ಸುದ್ದಿಯನ್ನು ಊರೂರಿಗೆ ಮುಟ್ಟಿಸಿದವು. ಅವನು 1836ರ ಮಾರ್ಚ್ 6ರಂದು ಅಲಾಮೋ ಕೋಟೆಯಲ್ಲಿ ಮಡಿದ ಬಳಿಕವಂತೂ ಆ ಹೆಸರಿನ ಚಾಕುಗಳಿಗೆ ಎಂಥ ಬೇಡಿಕೆ ಬಂದಿತೆಂದರೆ, ಇಂಗ್ಲೆಂಡಿನ ಷೆಫೀಲ್ಡ್ ನಗರದ ಕಾರ್ಖಾನೆಗಳು ಅವನ್ನು ಹಡಗು ತುಂಬ ಅಮೆರಿಕಕ್ಕೆ ಸಾಗಿಸಿದವು.

ವಾಸ್ತವದಲ್ಲಿ ಆ ಮೊದಲ ಚಾಕನ್ನು ಮಾಡಿಸಿದವನು ತಾನೆಂದು ಜೇಮ್ಸನ ಅಣ್ಣ ರೆಜಿನ್ ಬೋವೀ 1838ರಲ್ಲಿ ಪತ್ರಿಕೆಯೊಂದಕ್ಕೆ ಬರೆದು ತಿಳಿಸಿದ. ಅದರ ಅಲಗು ಒಂಬತ್ತೂಕಾಲು ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲವಿತ್ತಂತೆ, ಬೇಟೆಗೆಂದು ಮಾಡಿಸಿದ್ದಂತೆ. ಇದರ ಜೊತೆಗೆ ಇನ್ನೊಂದು ಕಥೆಯೂ ಪ್ರಚಲಿತವಾಗಿದೆ: ದನವೊಂದನ್ನು ಇರಿಯುವಾಗ ಮೊನೆ ಎಲುಬಿಗೆ ತಾಗಿ ನಿಂತಿತು, ಕೈ ಮಾತ್ರ ನಿಲ್ಲದೆ ಹಿಡಿಯಿಂದ ಜಾರಿ ಅಲಗಿನ ಮೇಲೆ ಓಡಿ ಬೆರಳುಗಳು ಕತ್ತರಿಸಿಹೋದವು, ಆಮೇಲೆ ಅವನು ಅಡ್ಡಪಟ್ಟಿ ಇರುವ ಚಾಕನ್ನು ಬಯಸಿದ ಎಂದು. ಕಥೆ ನಿಜವೋ ಕಟ್ಟಿದ್ದೋ, ಅದರ ಮರ್ಮ ಮಾತ್ರ ಅಡುಗೆಮನೆಯ ಪ್ರತಿಯೊಬ್ಬರೂ ಬಲ್ಲದ್ದು. ಒದ್ದೆ ಕೈ, ನುಣ್ಣನೆಯ ಹಿಡಿ, ಗಟ್ಟಿ ಕುಂಬಳಕಾಯಿ ಮೂರೂ ಸೇರಿದರೆ ಸಾಕು. ಅಲಾಮೋ ಕೋಟೆಯ ಅಗತ್ಯವಿಲ್ಲ.

ಕನ್ನಡ ನಾಡಿನಲ್ಲಿಯೂ ಹಿಡಿಗೆ ಹೆಸರಾದ ಕತ್ತಿಯುಂಟು. ಕೊಡವರು ಕುಪ್ಯವನ್ನು ತೊಟ್ಟು ಸೊಂಟಕ್ಕೆ ಬಿಗಿದ ಕೆಂಪು ಚೇಲೆಯಲ್ಲಿ ಸಿಕ್ಕಿಸಿಕೊಳ್ಳುವ ಪೀಚೆ ಕತ್ತಿಯ ಅಲಗು ಕಿರಿದು. ಅದರ ಶೋಭೆಯೆಲ್ಲ ಬೆಳ್ಳಿಯ ಕಟ್ಟಿನ ಹಿಡಿಯಲ್ಲಿ, ಒರೆಯಲ್ಲಿ, ಜೋತಾಡುವ ಸರಪಣಿಯಲ್ಲಿ. ಬೆನ್ನ ಹಿಂದೆ ತೊಡಂಗಿನಲ್ಲಿ ತೂಗುವ ಒಡಿಕತ್ತಿಯದು ಬೇರೆಯೇ ಗಾಂಭೀರ್ಯ. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಂದು ತೋಕ್ ಪೂವನ್ನು ಮುಡಿಸಿ ಕೋವಿ ಕತ್ತಿಗಳನ್ನು ಪೂಜಿಸುವಾಗ ಹಿಡಿಗಳೂ ಎಣ್ಣೆ ಕಂಡು ಹೊಳೆಯುತ್ತವೆ. ಹಿಂದೆ ಸಿರಿವಂತರ ಪೀಚೆ ಕತ್ತಿಗಳಿಗೆ ಆನೆಯ ದಂತದ ಹಿಡಿ ಇರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ಮುಂದಿನ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು. ಜಿಂಕೆಯ ಕೊಂಬಿಗೂ ಅದೇ ನಿಷೇಧ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬು ಎಂಬ ಸಮಾಧಾನ ನ್ಯಾಯಾಲಯದಲ್ಲಿ ನಡೆಯದು. ಆದುದರಿಂದ ಈಗ ಹಿಡಿಗೆ ಮರವೇ ಗತಿ. ಅದು ಕೈಗೂ ಹಿತ.

ಕಾಯಿದೆಯ ಮಾತು ಬಂದುದರಿಂದ ಇನ್ನೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಕತ್ತಿಗಳನ್ನು ಶಸ್ತ್ರಾಸ್ತ್ರ ನಿಯಮಗಳು ಹರಿತವಾದ ಮಾರಕಾಯುಧಗಳ ಸಾಲಿಗೆ ಸೇರಿಸುತ್ತವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗೆಂದು ರೂಪಿಸಿದವು ಮಾತ್ರ ಇದಕ್ಕೆ ಹೊರತು. ರೆಜಿನ್ ಬೋವೀಯ ಚಾಕು ಕಾಲು ಅಂಗುಲದಿಂದ ಸಿಕ್ಕಿಬೀಳುತ್ತಿತ್ತು! ಇದಲ್ಲದೆ 1951ರ ಪೊಲೀಸ್ ಕಾಯಿದೆಯ 37ನೆಯ ಕಲಮಿನನ್ವಯ ಮುಂಬಯಿಯಲ್ಲಿ ಆಗಾಗ ಆಯುಧಗಳನ್ನು ಒಯ್ಯಬಾರದೆಂಬ ಆಜ್ಞೆಗಳು ಹೊರಡುತ್ತವೆ. ಹವ್ಯಾಸಿಯು ಆರೇಳು ಅಂಗುಲದ ಅಲಗಿನಲ್ಲಿ ತೃಪ್ತನಾಗುವುದು ಲೇಸು. ಮಾಡಿದ್ದನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದು ಇನ್ನೂ ಲೇಸು. ಲೋಕಲ್ ರೈಲಿನಲ್ಲಿ ಮಿತ್ರರಿಗೆ ತೋರಿಸಲು ಒಯ್ಯುವ ವಸ್ತು ಇದಲ್ಲ.

ಕೈಯೆಂಬ ಯಂತ್ರ

ಮನುಷ್ಯನ ಒಂದು ಕೈಯಲ್ಲಿ 27 ಎಲುಬುಗಳಿವೆ. ಮಣಿಕಟ್ಟಿನ ಒಳಭಾಗದಲ್ಲಿ ಎಲುಬುಗಳಿಂದಲೂ ಬಿಗಿಯಾದ ಪಟ್ಟಿಯೊಂದರಿಂದಲೂ ಆದ ಇಕ್ಕಟ್ಟಿನ ಸುರಂಗವಿದೆ. ಬೆರಳುಗಳನ್ನು ಮಡಚುವ ಸ್ನಾಯುರಜ್ಜುಗಳೆಲ್ಲ ಅದರೊಳಗಿನಿಂದಲೇ ಸಾಗುತ್ತವೆ. ಅವುಗಳ ಜೊತೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರ ಬೆರಳಿನ ಅರ್ಧಭಾಗಕ್ಕೆ ಸ್ಪರ್ಶಜ್ಞಾನವನ್ನು ಕೊಡುವ ನರವೂ ಸಾಗುತ್ತದೆ. ಮಣಿಕಟ್ಟನ್ನು ಬಾಗಿಸಿ ಬಲವಾಗಿ ಹಿಡಿದು ದಿನವಿಡೀ ಕೆಲಸ ಮಾಡಿದರೆ ರಜ್ಜುಗಳ ಹೊದಿಕೆ ಊದಿಕೊಂಡು ಆ ನರವನ್ನು ಅದುಮುತ್ತದೆ. ರಾತ್ರಿ ನಿದ್ದೆಯಲ್ಲಿ ಕೈ ಜೋಮು ಹಿಡಿದು ಎಚ್ಚರವಾಗುವುದು, ಕೊಡವಿದರೆ ಸರಿಹೋಗುವುದು ಇದರ ಮೊದಲ ಸೂಚನೆ. ಮಧುಮೇಹವುಳ್ಳವರಲ್ಲಿ, ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದವರಲ್ಲಿ, ಗರ್ಭಿಣಿಯರಲ್ಲಿ ಇದು ಹೆಚ್ಚು. ಅಲಕ್ಷಿಸಿದರೆ ಹೆಬ್ಬೆರಳ ಬುಡದ ಮಾಂಸಖಂಡ ಸವೆದು, ಕೈಯಲ್ಲಿದ್ದ ಲೋಟ ಜಾರಿ ಬೀಳುವ ತನಕ ಹೋಗುತ್ತದೆ.

ಇನ್ನು ಗಿಡ್ಡ ಹಿಡಿಯ ಕೇಡು ಬೇರೆ ಬಗೆಯದು. ಹಿಡಿಯ ತುದಿ ಅಂಗೈಯ ನಡುವಿನಲ್ಲಿಯೇ ಮುಗಿದರೆ, ಒತ್ತಿದಾಗಲೆಲ್ಲ ಅದು ಮೃದುವಾದ ಮಾಂಸವನ್ನು ಗುದ್ದುತ್ತದೆ. ತೀರ ತೆಳ್ಳಗಿನ ಹಿಡಿ ಬೆರಳುಗಳ ಬುಡವನ್ನು ಅದುಮಿ ರಜ್ಜುವಿನಲ್ಲಿ ಗಂಟು ಕಟ್ಟಿಸುತ್ತದೆ. ಬೆಳಿಗ್ಗೆ ಮಡಚಿದ ಬೆರಳು ಬಿಡಿಸಿಕೊಳ್ಳದೆ, ಬಲವಂತ ಮಾಡಿದರೆ ಬಂದೂಕಿನ ಕುದುರೆಯಂತೆ ಟಕ್ಕೆಂದು ನೆಟ್ಟಗಾಗುವ ಕಾಯಿಲೆಯನ್ನು ಡಾಕ್ಟರುಗಳು ಟ್ರಿಗರ್ ಬೆರಳು ಎನ್ನುತ್ತಾರೆ.

ಮುಂಬಯಿಯ ಕನ್ನಡಿಗರಿಗೆ ಇದೇನೂ ದೂರದ ಮಾತಲ್ಲ. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದ ಕಾಲದಿಂದ, ಅದಕ್ಕೆ ಮೊದಲೂ ಅನಂತರವೂ, ಕರಾವಳಿಯ ಎಷ್ಟೋ ತರುಣರು ಈ ನಗರಕ್ಕೆ ಬಂದು ಮೊದಲು ಹಿಡಿದದ್ದು ಹೋಟೆಲಿನ ಅಡುಗೆಮನೆಯ ಚಾಕನ್ನು. ಸಾಂಬಾರಿನ ತರಕಾರಿ, ಮಸಾಲೆ ದೋಸೆಯ ಈರುಳ್ಳಿ, ಮೂಟೆ ಮೂಟೆಯಾಗಿ ಕತ್ತರಿಸಿದ ಕೈಗಳವು. ತೋರುಬೆರಳಿನ ಬುಡದಲ್ಲಿ, ಅಲಗಿನ ಬೆನ್ನು ಒತ್ತುವ ಜಾಗದಲ್ಲಿ, ಕಲ್ಲಿನಂತಹ ಜಡ್ಡು. ಅದನ್ನು ದುಡಿಮೆಯ ಪದಕವೆಂದು ಹೇಳಿಕೊಳ್ಳುವವರೂ ಉಂಟು. ಪದಕವಿರಬಹುದು, ಆದರೆ ಅಲಗಿನ ಬೆನ್ನಿನ ಚೂಪು ಅಂಚನ್ನು ಎಮರಿ ಕಾಗದದಿಂದ ಹತ್ತು ನಿಮಿಷ ಉಜ್ಜಿ ದುಂಡಗೆ ಮಾಡಿದ್ದರೆ ಅದರಲ್ಲಿ ಮುಕ್ಕಾಲುಪಾಲು ಬಾರದೆಯೇ ಇರುತ್ತಿತ್ತು. ಖರ್ಚಿಲ್ಲದ ಈ ಉಪಾಯವನ್ನು ಯಾವ ಮಾಲೀಕನೂ ಇಂದಿಗೂ ಇಂದೇ ಮಾಡಿಸಬಹುದು.

ಊರಿನ ಅಡುಗೆಮನೆಯಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಅಲ್ಲಿದ್ದುದು ಈಳಿಗೆಮಣೆ, ಮರಾಠಿ ನೆರೆಯವರು ವಿಳಿ ಎನ್ನುವುದೂ ಅದನ್ನೇ. ಅದೊಂದು ಹಿಡಿಯೇ ಇಲ್ಲದ ಕತ್ತಿ. ಮಣೆಯ ಮೇಲೆ ಕಾಲೂರಿ ದೇಹದ ತೂಕದಿಂದಲೇ ಅಲಗನ್ನು ನಿಲ್ಲಿಸಿ, ಎರಡೂ ಕೈಗಳಿಂದ ತರಕಾರಿಯನ್ನು ತಳ್ಳುವ ಏರ್ಪಾಡು; ಮಣಿಕಟ್ಟಿಗೆ ಬಿಗಿತದ ಕೆಲಸವೇ ಇಲ್ಲ. ನಗರದ ಮನೆಗಳಲ್ಲಿ ನಿಂತು ಅಡುಗೆ ಮಾಡುವ ಕಟ್ಟೆ ಬಂದಿತು, ಮಣೆ ಅಟ್ಟ ಸೇರಿತು, ಕೈಗೆ ಚಾಕು ಬಂದಿತು. ಸೊಂಟಕ್ಕೂ ಮಂಡಿಗೂ ಉಪಕಾರವಾಯಿತೆಂದು ಒಪ್ಪಬೇಕು. ಹೊರೆ ಮಣಿಕಟ್ಟಿಗೆ ವರ್ಗವಾಯಿತು. ಅಂಗಡಿಯ ಚಾಕುಗಳ ಹಿಡಿಯಾದರೋ ಯಾರ ಕೈಗೂ ಸರಿಯಾಗಿ ಒಗ್ಗದ ಯಾವುದೋ ಸರಾಸರಿ ಕೈಗೆಂದು ಎರಕ ಹೊಯ್ದದ್ದು. ಸಣ್ಣ ಕೈಯ ಗೃಹಿಣಿಗೂ ಅದೇ, ದೊಡ್ಡ ಕೈಯ ಅಡುಗೆಯವನಿಗೂ ಅದೇ.

ಮರ, ಅರ, ಅರಗು

ಹಿಡಿಯ ಕೆಲಸ ಆರಂಭವಾಗುವುದು ಕಾಗದದ ಮೇಲೆ. ನಾಲ್ಕು ಬೆರಳುಗಳ ಗೆಣ್ಣುಗಳ ಅಡ್ಡಳತೆಯನ್ನು ತೆಗೆದುಕೊಂಡು ಅದಕ್ಕೆ ಎರಡು ಸೆಂಟಿಮೀಟರು ಕೂಡಿಸಿದರೆ ಹಿಡಿಯ ಉದ್ದ ಸಿಗುತ್ತದೆ; ಬಹುಪಾಲು ಜನರಿಗೆ ಅದು 10ರಿಂದ 12 ಸೆಂಟಿಮೀಟರಿನೊಳಗೆ ಬೀಳುತ್ತದೆ. ದಪ್ಪ 30ರಿಂದ 40 ಮಿಲಿಮೀಟರು ಇದ್ದರೆ ಹಿಡಿತಕ್ಕೆ ಬಲವೂ ಹೆಚ್ಚು, ದಣಿವೂ ಕಡಿಮೆ. ಅಡ್ಡಕೊಯ್ತ ವೃತ್ತವಾಗಿರಬಾರದು, ಮೊಟ್ಟೆಯಾಕಾರದಲ್ಲಿರಬೇಕು. ಪೂರ್ತಿ ದುಂಡಾದ ಹಿಡಿ ಕೈಯಲ್ಲಿ ತಿರುಗುತ್ತದೆ; ಧಾರೆ ಎತ್ತ ಮುಖ ಮಾಡಿದೆ ಎಂಬುದು ಕಣ್ಣಿಗೆ ಕಾಣಬೇಕಾಗುತ್ತದೆ. ಮೊಟ್ಟೆಯಾಕಾರದ್ದಾದರೆ ಕತ್ತಲೆಯಲ್ಲಿಯೂ ಅಂಗೈಗೇ ತಿಳಿಯುತ್ತದೆ. ಬೆರಳಿಗೊಂದರಂತೆ ತಗ್ಗು ಕೊರೆಯುವ ಚಪಲ ಹೊಸಬರಿಗೆ ಬಹಳ. ಅದು ನೋಡಲು ಚೆನ್ನ; ಆದರೆ ಹಿಡಿತವನ್ನು ಒಂದಿಷ್ಟು ಬದಲಿಸಿದೊಡನೆ ತಗ್ಗುಗಳ ನಡುವಿನ ದಿಬ್ಬಗಳು ಬೆರಳಿಗೆ ಒತ್ತುತ್ತವೆ. ಹೊಟ್ಟೆಯ ಭಾಗ ತುಸು ಉಬ್ಬಿ, ಕಿರುಬೆರಳಿನ ಬಳಿ ಕೆಳಗೆ ಬಾಗಿದ ಸರಳ ಆಕಾರವೇ ಮೇಲು.

ಮರವನ್ನು ಆಯುವಾಗ ಬೀಟೆ, ತೇಗ, ಹುಣಸೆ, ಜಾಲಿ ಇವುಗಳಲ್ಲಿ ಯಾವುದಾದರೂ ಆದೀತು. ಬೀಟೆಯ ಕರಿನೇರಳೆ ಗೆರೆಗಳ ಸೊಗಸಿಗೆ ಸಾಟಿಯಿಲ್ಲ. ಹುಣಸೆ ಬಿಗಿ, ಭಾರ. ಜಾಲಿಯನ್ನು ರೈತರು ತಲೆತಲಾಂತರದಿಂದ ಗುದ್ದಲಿಯ ಕಾವಿಗೂ ಗಾಡಿಗೂ ಬಳಸಿ ಪರೀಕ್ಷಿಸಿದ್ದಾರೆ. ಯಾವ ಮರವಾದರೂ ಪೂರ್ತಿ ಒಣಗಿರಬೇಕೆಂಬುದು ಮುಖ್ಯ. ಮುಂಬಯಿಯ ಗಾಳಿ ಮೇ ತಿಂಗಳಲ್ಲಿ ಒಂದು ಬಗೆ, ಜುಲೈಯಲ್ಲಿ ಇನ್ನೊಂದು ಬಗೆ. ಹಸಿಮರವನ್ನು ಕೂಡಿಸಿದರೆ ದೀಪಾವಳಿಯ ಹೊತ್ತಿಗೆ ಕುಗ್ಗಿ ಲೋಹದ ಅಂಚು ಹೊರಚಾಚಿ ಅಂಗೈಯನ್ನು ಗೀರುತ್ತದೆ. ಐವತ್ತು ಅರುವತ್ತು ವರ್ಷ ಚಾಳಿನ ಮಾಡಿನಲ್ಲಿದ್ದು ನೂರಾರು ಋತುಗಳನ್ನು ಕಂಡ ತೇಗದ ತೊಲೆಯ ತುಂಡು ಈ ದೃಷ್ಟಿಯಿಂದ ಹೊಸ ಮರಕ್ಕಿಂತ ಎಷ್ಟೋ ವಿಶ್ವಾಸಾರ್ಹ.

ಅಲಗಿನಿಂದ ಹಿಂದಕ್ಕೆ ಚಾಚಿ ಹಿಡಿಯೊಳಗೆ ಹೊಗುವ ಉಕ್ಕಿನ ಭಾಗಕ್ಕೆ ಬಾಲವೆನ್ನೋಣ. ಅದು ಎರಡು ಬಗೆ. ಒಂದು, ಹಿಡಿಯಷ್ಟೇ ಉದ್ದಗಲವಾಗಿದ್ದು ಇಬ್ಬದಿಯಲ್ಲಿ ಮರದ ಹೋಳುಗಳನ್ನು ತೊಡುವುದು. ಇನ್ನೊಂದು, ಇಲಿಯ ಬಾಲದಂತೆ ಸಪೂರವಾಗಿ ಮರದ ಒಳಗೆ ಅಡಗುವುದು. ನಾಡಿನ ಹಳೆಯ ಕತ್ತಿ ಕಠಾರಿಗಳಲ್ಲಿ ಎರಡನೆಯ ಬಗೆಯೇ ಹೆಚ್ಚು. ಅವರ ಅಂಟು ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣವಾಗುವ ಅರಗೇ ಇಲ್ಲಿ ಬೆಸುಗೆ. ಅದನ್ನು ತೂತಿಗೆ ತುಂಬಿ, ಬಾಲವನ್ನು ಬಿಸಿ ಮಾಡಿ ತೂರಿಸಿದರೆ ಅರಗು ಕರಗಿ ಸಂದುಗಳಿಗೆಲ್ಲ ಹರಿದು ಆರಿದೊಡನೆ ಹಿಡಿದುಕೊಳ್ಳುತ್ತದೆ. ಒಲೆಯ ಬಳಿ ಇಟ್ಟ ಅಥವಾ ಕುದಿನೀರಿನಲ್ಲಿ ತೊಳೆದ ಊರಿನ ಕತ್ತಿಯ ಹಿಡಿ ಅಲುಗಾಡತೊಡಗುವುದು ಇದೇ ಕಾರಣದಿಂದ. ಅದು ಅರಗಿನ ದೋಷವೆನ್ನುವುದಕ್ಕಿಂತ ಗುಣವೆನ್ನಬೇಕು. ಹಿಡಿ ಸೀಳಿದಾಗ ಬಿಸಿನೀರಿನಲ್ಲಿ ಅದ್ದಿ ಕಳಚಬಹುದು, ಅಲಗಿಗೆ ಪೆಟ್ಟಿಲ್ಲ. ಈಗಿನ ಅರಾಲ್ಡೈಟ್ ಜಾತಿಯ ಅಂಟು ಇದಕ್ಕಿಂತ ಬಹಳ ಬಲವಾದುದು, ಕಳಚುವುದು ಅಷ್ಟೇ ಕಷ್ಟ.

ಎರಡು ಹೋಳುಗಳ ಹಿಡಿಯಾದರೆ ಬಾಲದಲ್ಲಿ ಮೊಳೆಗೆಂದು ತೂತು ಬೇಕು. ಹದಗೊಂಡ ಉಕ್ಕು ಸಾಮಾನ್ಯ ಬೈರಿಗೆಗೆ ಬಗ್ಗದು. ಕಾರ್ಬೈಡ್ ಮೊನೆಯದು ಬೇಕಾಗುತ್ತದೆ. ಈ ಕೆಲಸವನ್ನು ಕುರ್ಲಾದ ಯಾವುದಾದರೂ ಲೇತ್ ಅಂಗಡಿಯಲ್ಲಿ ಮಾಡಿಸುವುದೇ ಜಾಣತನ. ಮಾಡಿಸುವಾಗ ಬಳಿಯಲ್ಲಿ ನಿಂತು ನೀರು ಹನಿಸುತ್ತಿರುವಂತೆ ನೋಡಿಕೊಳ್ಳಬೇಕು. ಉಕ್ಕು ಕಾದಂತೆ ಅದರ ಮೈಮೇಲೆ ಬಣ್ಣಗಳು ಮೂಡುತ್ತವೆ: ಸುಮಾರು 220 ಡಿಗ್ರಿಗೆ ಹುಲ್ಲಿನ ಹಳದಿ, 300ರ ಹತ್ತಿರ ನೀಲಿ. ಧಾರೆಯ ಕಡೆಗೆ ನೀಲಿ ಬಣ್ಣ ಹರಿಯಿತೆಂದರೆ ಕಮ್ಮಾರ ಕೊಟ್ಟ ಹದ ಹೋಯಿತೆಂದೇ ಅರ್ಥ. ಆಮೇಲೆ ಎಷ್ಟು ಮಸೆದರೂ ಧಾರೆ ನಿಲ್ಲದು.

ಅಡ್ಡಪಟ್ಟಿ ಬೋವೀ ಚಾಕಿನ ಕಿರೀಟ, ತಾಳ್ಮೆಗೆಡುವುದೂ ಅಲ್ಲಿಯೇ. ಐದಾರು ಮಿಲಿಮೀಟರು ದಪ್ಪದ ಹಿತ್ತಾಳೆಯಲ್ಲಿ ಬಾಲದ ಅಗಲಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿ ಸೀಳು ತೆಗೆದು, ಸಣ್ಣ ಅರದಿಂದ ಉಜ್ಜಿ, ತೊಡಿಸಿ ನೋಡಿ, ಮತ್ತೆ ಬಿಚ್ಚಿ ಉಜ್ಜಬೇಕು. ಬೆಳಕಿಗೆ ಹಿಡಿದರೆ ಅಲಗಿಗೂ ಪಟ್ಟಿಗೂ ನಡುವೆ ಬೆಳಕಿನ ಗೆರೆ ಕಾಣಬಾರದು. ಬೆಳಕು ಹೋಗುವಲ್ಲಿ ನೀರು ಹೋಗುತ್ತದೆ, ನೀರು ಹೋದಲ್ಲಿ ತುಕ್ಕು ಕೂರುತ್ತದೆ, ತುಕ್ಕು ಹಿಡಿಯ ಒಳಗಿನಿಂದ ಬಾಲವನ್ನು ತಿನ್ನುತ್ತದೆ. ಒಂದು ದಿನ ತೆಂಗಿನಕಾಯಿಗೆ ಹೊಡೆದಾಗ ಅಲಗು ಹಿಡಿಯನ್ನು ಬಿಟ್ಟು ಹಾರುತ್ತದೆ. ಒಂದು ಸಂಜೆಯಲ್ಲಿ ಮುಗಿಸುವೆನೆಂದು ಕೂತವರು ಮೂರು ಭಾನುವಾರ ಕಳೆದರೆ ಆಶ್ಚರ್ಯವಿಲ್ಲ. ಪಟ್ಟಿಯ ತುದಿಗಳನ್ನು ಗುಂಡಗೆ ಮಾಡಲು ಮರೆಯಬಾರದು. ಚೂಪಾದ ಅಡ್ಡಪಟ್ಟಿ ತೋರುಬೆರಳನ್ನು ಕಾಯುವ ಬದಲು ಕಡಿಯುತ್ತದೆ. ಅಡುಗೆಯ ಚಾಕಿಗೆ ಈ ಪಟ್ಟಿಯೇ ಬೇಡ, ಹಲಗೆಗೆ ತಾಗಿ ಅಡ್ಡಿಯಾಗುತ್ತದೆ. ಮರವನ್ನೇ ಮುಂಭಾಗದಲ್ಲಿ ತುಸು ಕೆಳಕ್ಕೆ ಇಳಿಸಿದರೆ ಬೆರಳಿಗೆ ಅಷ್ಟೇ ರಕ್ಷಣೆ.

ಅಂಟು ಹಾಕುವ ಮೊದಲು ಲೋಹವನ್ನೂ ಮರವನ್ನೂ ಒರಟು ಕಾಗದದಿಂದ ಉಜ್ಜಿ, ಎಣ್ಣೆಯ ಪಸೆಯನ್ನು ಸ್ಪಿರಿಟಿನಿಂದ ಒರೆಸಬೇಕು. ಅಲಗಿಗೆ ದಪ್ಪ ಬಟ್ಟೆ ಸುತ್ತಿ ಅಂಟುಪಟ್ಟಿಯಿಂದ ಬಿಗಿದು ಇಡತಕ್ಕದ್ದು. ಹಿಡಿ ಮಾಡುವಾಗ ಆಗುವ ಗಾಯಗಳು ಹೆಚ್ಚಾಗಿ ಈ ಒಂದು ಆಲಸ್ಯದಿಂದಲೇ. ಅಂಟು ಹಾಕಿ ಹಿತ್ತಾಳೆಯ ಮೊಳೆಗಳನ್ನು ತೂರಿಸಿ ಬಿಗಿದು 24 ಗಂಟೆ ಮುಟ್ಟದೆ ಬಿಡಬೇಕು. ಆಮೇಲೆ ಒರಟು ಅರದಿಂದ ಆಕಾರ. ಇಲ್ಲಿ ಅಳತೆಗೋಲಿಗಿಂತ ಕಣ್ಣು ಮುಚ್ಚಿ ಹಿಡಿದು ನೋಡುವುದು ಉತ್ತಮ. ಎಲ್ಲಿ ಒತ್ತುತ್ತದೆಯೋ ಅಲ್ಲಿ ಸೀಸದಕಡ್ಡಿಯಿಂದ ಗುರುತು ಮಾಡಿ, ಎರಡು ಸಲ ಅರ ಎಳೆದು, ಮತ್ತೆ ಹಿಡಿಯಬೇಕು. ಕತ್ತಿ ಯಾರಿಗಾಗಿಯೋ ಅವರ ಕೈಯಲ್ಲೇ ಕೊಟ್ಟು ನೋಡಬೇಕು. ಹೆಂಡತಿಯ ಕೈಗೆಂದು ಗಂಡ ತನ್ನ ಕೈಯಲ್ಲಿ ಹಿಡಿದು ಮಾಡಿದ ಹಿಡಿ, ಪ್ರೀತಿ ಎಷ್ಟೇ ಇರಲಿ, ದಪ್ಪವಾಗಿಯೇ ಮುಗಿಯುತ್ತದೆ.

ಧೂಳು, ಅಂಟು, ಗಾಯ

ಇಷ್ಟು ಹೊತ್ತಿಗೆ ಕೋಣೆಯ ತುಂಬ ಮರದ ಧೂಳು ಹರಡಿರುತ್ತದೆ. ಅದನ್ನು ನಿರಪಾಯವೆಂದು ತಿಳಿಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಮೂಗು ಮತ್ತು ಅದರ ಪಕ್ಕದ ಕುಳಿಗಳ ಕ್ಯಾನ್ಸರಿಗೆ ಅದು ಕಾರಣವಾಗುತ್ತದೆ. ವರ್ಷಗಟ್ಟಲೆ ಧೂಳಿನಲ್ಲಿ ದುಡಿಯುವ ಬಡಗಿಗೆ ಇರುವ ಅಪಾಯ ಒಂದು ಹಿಡಿ ಮಾಡಿದವನಿಗೆ ಇರದು, ನಿಜ. ಆದರೆ ಬೀಟೆಯ ಧೂಳು ಕೆಲವರಿಗೆ ಮೊದಲ ದಿನಗಳಲ್ಲಿಯೇ ಕೈ, ಕುತ್ತಿಗೆ, ಕಣ್ಣುರೆಪ್ಪೆಗಳಲ್ಲಿ ತುರಿಕೆಯ ಗುಳ್ಳೆಗಳನ್ನೆಬ್ಬಿಸುತ್ತದೆ. ತೇಗಕ್ಕೂ ಆ ಗುಣವುಂಟು. ಉಬ್ಬಸದವರು ದೂರವಿರುವುದೇ ಕ್ಷೇಮ. ಮೂಗಿಗೆ ಕಟ್ಟಿದ ಕರವಸ್ತ್ರ ಸಾಲದು. 2020ರ ಮಹಾಮಾರಿಯಲ್ಲಿ ಮನೆಮನೆಗೆ ಪರಿಚಯವಾದ ಎನ್-95 ಮುಖಗವಸು ಇಲ್ಲಿ ಸಾರ್ಥಕ. ಮಕ್ಕಳು ಮಲಗುವ ಕೋಣೆಯಲ್ಲಿ ಈ ಕೆಲಸ ಕೂಡದು. ಕಾಗದವನ್ನು ನೀರಿನಲ್ಲಿ ತೋಯಿಸಿ ಉಜ್ಜಿದರೆ ಧೂಳು ಹಾರುವುದಿಲ್ಲ. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಎರಡು ಕೊಳವೆಗಳ ಅಂಟು ಗಟ್ಟಿಯಾಗುವ ಮುನ್ನ ಚರ್ಮಕ್ಕೆ ಶತ್ರು. ಒಮ್ಮೆ ಅಲರ್ಜಿ ಹತ್ತಿತೆಂದರೆ ಜೀವಮಾನವಿಡೀ ಬಿಡದು. ಕೈಗವಸು ತೊಡಬೇಕು, ತಗಲಿದರೆ ಥಿನ್ನರಿನಿಂದಲ್ಲ, ಸಾಬೂನು ನೀರಿನಿಂದ ತೊಳೆಯಬೇಕು.

ಎಷ್ಟು ಎಚ್ಚರವಿದ್ದರೂ ಕತ್ತಿಯೆಂದ ಮೇಲೆ ಗಾಯದ ಮಾತು ಹೇಳಲೇಬೇಕು. ಬೆರಳು ಕೊಯ್ದಾಗ ಕಾಫಿಪುಡಿ, ಸುಣ್ಣ, ಅರಿಸಿನ ಮೆತ್ತುವ ವಾಡಿಕೆ ಇನ್ನೂ ಬಿಟ್ಟಿಲ್ಲ. ಅವು ಗಾಯವನ್ನು ಮುಚ್ಚಿ ಕೊಳಕನ್ನು ಒಳಗೆ ಉಳಿಸುತ್ತವೆ. ಡಾಕ್ಟರಿಗೆ ಆಳವೂ ಕಾಣದಂತಾಗುತ್ತದೆ. ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯನ್ನು ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆತ್ತಿ ಹತ್ತು ನಿಮಿಷ ಬಿಡದೆ ಅದುಮುವುದೇ ಸರಿಯಾದ ಕ್ರಮ. ನಡುನಡುವೆ ತೆಗೆದು ನೋಡುವ ಕುತೂಹಲ ಬೇಡ. ರಕ್ತ ನಿಲ್ಲದಿದ್ದರೆ, ಬೆರಳಿನ ತುದಿ ಮರಗಟ್ಟಿದರೆ, ಅಥವಾ ಬೆರಳು ಮಡಚಲು ಬಾರದಿದ್ದರೆ, ಗಾಯ ಎಷ್ಟೇ ಚಿಕ್ಕದಾಗಿ ಕಾಣಲಿ, ನರವೋ ರಜ್ಜುವೋ ತುಂಡಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕುರ್ಲಾದವರಿಗೆ ಭಾಭಾ ಆಸ್ಪತ್ರೆಯೂ ಸಾಯನ್ನಿನ ಲೋಕಮಾನ್ಯ ತಿಲಕ ಆಸ್ಪತ್ರೆಯೂ ಹತ್ತಿರ. ಬೆರಳೇ ತುಂಡಾಗಿ ಬಿದ್ದರೆ ಅದನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿ ಒಯ್ಯಬೇಕು. ಬೆರಳಿಗೆ ಮಂಜು ನೇರವಾಗಿ ತಗಲಬಾರದು. ಧನುರ್ವಾಯುವಿನ ಚುಚ್ಚುಮದ್ದು ತುಕ್ಕು ಹಿಡಿದ ಕತ್ತಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ರೋಗಾಣು ತುಕ್ಕಿನಲ್ಲಿಲ್ಲ, ಮಣ್ಣಿನಲ್ಲಿದೆ. ಕೊಳಕಾದ ಗಾಯಕ್ಕೆ ಹಿಂದಿನ ಚುಚ್ಚುಮದ್ದು ಐದು ವರ್ಷಕ್ಕಿಂತ ಹಳೆಯದಾಗಿದ್ದರೆ ಮತ್ತೊಂದು ಬೇಕು.

ಕೊನೆಯ ಕೈ

ಆಕಾರ ಒಪ್ಪಿಗೆಯಾದ ಮೇಲೆ 120, 220, 400 ಅಂಕೆಯ ಕಾಗದಗಳಿಂದ ಕ್ರಮವಾಗಿ ಉಜ್ಜಬೇಕು. ನಡುವೆ ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಮರದ ಎಳೆಗಳು ಎದ್ದು ನಿಲ್ಲುತ್ತವೆ. ಅವನ್ನು ಈಗಲೇ ಉಜ್ಜಿ ತೆಗೆದರೆ ಮುಂದೆ ಅಡುಗೆಮನೆಯ ನೀರಿಗೆ ಹಿಡಿ ಒರಟಾಗುವುದಿಲ್ಲ. ಕನ್ನಡಿಯಂತೆ ಹೊಳೆಯುವ ವಾರ್ನಿಷನ್ನು ಬಳಿಯುವವರುಂಟು. ಅಂಗಡಿಯ ಗಾಜಿನ ಪೆಟ್ಟಿಗೆಗೆ ಅದು ಸರಿ. ಎಣ್ಣೆ ಮೀನುಗಳನ್ನು ಮುಟ್ಟಿದ ಕೈಯಲ್ಲಿ ಅದು ಸೋಪಿನಂತೆ ಜಾರುತ್ತದೆ. ಹಿಡಿಗೆ ಮಂದವಾದ ಹೊಳಪೇ ಯೋಗ್ಯ, ಅದಕ್ಕೆ ಅಗಸೆ ಎಣ್ಣೆಯೇ ಯೋಗ್ಯ. ಬಣ್ಣದಂಗಡಿಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿ ಮಾರುವ ಎಣ್ಣೆ ಅಡುಗೆಯ ಚಾಕಿಗೆ ಬೇಡ. ಬೆರಕೆಯಿಲ್ಲದ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಉಳಿದುದನ್ನು ಒರೆಸಿಬಿಡಬೇಕು. ದಪ್ಪಗೆ ಹಚ್ಚಿದರೆ ತಿಂಗಳಾದರೂ ಅಂಟು ಬಿಡದು. ಮಳೆಗಾಲವಲ್ಲದ ದಿನಗಳಲ್ಲಿ ಕೆಲವು ದಿನಗಳಿಗೊಮ್ಮೆಯಂತೆ ಐದಾರು ಸಲ ಹಚ್ಚಿ, ಕಡೆಗೆ ಜೇನುಮೇಣವನ್ನು ತಿಕ್ಕಿದರೆ ಹಿಡಿ ಸಿದ್ಧ.

ಒರೆಯನ್ನು ಧಾರಾವಿಯ ಚರ್ಮದಂಗಡಿಯಲ್ಲಿ ಹೊಲಿಸಬಹುದು. ಕತ್ತಿಯನ್ನು ಮಾತ್ರ ಅದರೊಳಗೆ ತಿಂಗಳುಗಟ್ಟಲೆ ಇಡಬಾರದು. ಹದ ಮಾಡಿದ ಚರ್ಮ ತೇವವನ್ನು ಹೀರಿ ಅಲಗಿಗೆ ತುಕ್ಕು ಹಿಡಿಸುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದು ಮೀಠಿ ನದಿ ಕುರ್ಲಾದ ಮನೆಗಳಿಗೆ ನುಗ್ಗಿದಾಗ ಉಕ್ಕಿನ ಸಾಮಾನುಗಳ ಗತಿ ಏನಾಯಿತೆಂದು ಆ ಭಾಗದವರಿಗೆ ಹೇಳಬೇಕಾಗಿಲ್ಲ. ಎಣ್ಣೆ ಸವರಿ, ಎತ್ತರದ ಕಪಾಟಿನಲ್ಲಿ, ಮಕ್ಕಳ ಕೈಗೆಟುಕದಂತೆ ಇಡುವುದು ಮೇಲು. ಮಹಾನವಮಿಯಂದು, ಮರಾಠಿಗರ ಖಂಡೇನವಮಿಯಂದು, ಪೂಜೆಗೆ ಇಳಿಸಿದಾಗ ವರ್ಷದ ಎಣ್ಣೆಯನ್ನೂ ಹಚ್ಚಿಬಿಡಬಹುದು.

ಹಾಗೆ ಹಚ್ಚಿದ ಮೇಲೆ ಎಣ್ಣೆಯ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಕೂಡದು. ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದೊಡನೆ ಕೂಡುವುದು; ಕೂಡುವಾಗ ಶಾಖ ಹುಟ್ಟುತ್ತದೆ. ಮುದುಡಿದ ಬಟ್ಟೆಯೊಳಗೆ ಆ ಶಾಖ ಹೊರಹೋಗಲಾರದೆ ಏರುತ್ತ ಏರುತ್ತ, ಕಡ್ಡಿ ಗೀರದೆಯೇ, ಕೆಲವು ಗಂಟೆಗಳಲ್ಲಿ ಬೆಂಕಿ ಹತ್ತಿಕೊಳ್ಳುವುದುಂಟು. ಒಂದಕ್ಕೊಂದು ಗೋಡೆ ಹಂಚಿಕೊಂಡ ಚಾಳಿನ ಮನೆಗಳಲ್ಲಿ ಇದರ ಪರಿಣಾಮವನ್ನು ಊಹಿಸಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ಒಂಟಿಯಾಗಿ ಹರವಿ ಗಟ್ಟಿಯಾಗುವವರೆಗೆ ಒಣಗಿಸಬೇಕು. ಅದಕ್ಕೆ ಜಾಗವಿಲ್ಲದಿದ್ದರೆ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ, ಮುಚ್ಚಳ ಹಾಕಿ, ಆಮೇಲೆ ದೀಪ ಆರಿಸಿ ಮಲಗಬೇಕು.